ಖಲ್ಫಾನನ ಪಿಕಪ್ಪಿಗೆ ತಾಯಿ ಸಿಕ್ಕಿದ್ದು

ಬಿದಿಯಾ ಊರಿನಲ್ಲಿ ಅಜ್ಜಿದಿನ್ನೆಯನ್ನು ಗಾಡಿಯಲ್ಲಿ ಹತ್ತದ ಗಂಡಸು ಒಬ್ಬನೇ ಒಬ್ಬನಿದ್ದ. ಅಜ್ಜಿದಿನ್ನೆಯನ್ನು ಸಾಮಾನ್ಯ ಮರಳುಗುಡ್ಡೆ ಎಂದುಕೊಳ್ಳಬಾರದು. ಅದರ ನೆತ್ತಿಗೆ ಒಂದು ಸಲ ಚಂದ್ರ ತಗುಲಿ ಸಿಕ್ಕಿಹಾಕಿಕೊಂಡಿದ್ದ. ಊರಿನವರೇ ಹಗ್ಗ ಹಾಕಿ ಎಳೆದು ಬಿಡಿಸಿ ಕಳಿಸಿಕೊಟ್ಟರು. ಇದನ್ನು ಇಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಶುಕ್ರವಾರದ ನಮಾಜು ಮುಗಿದು, ಅನ್ನ ಮಾಂಸ ಹೊಟ್ಟೆಯಲ್ಲಿ ನೆಲೆಸಿದ ಮೇಲೆ ಊರಿನ ಗಾಡಿಗಳೆಲ್ಲ ಅದರ ಬುಡದಲ್ಲಿ ಸೇರುತ್ತವೆ. ಮರಳಲ್ಲಿ ಹೂತುಹೋಗದಂತೆ ಟೈರಿನ ಗಾಳಿಯನ್ನು ಅರ್ಧಕ್ಕಿಳಿಸಿ, ಬಿಸ್ಮಿಲ್ಲಾ ಎಂದು ಒಬ್ಬೊಬ್ಬರೇ ಏರುತ್ತಾರೆ. ಮೇಲೆ ಹೋಗಿ ಬಂದವರೆಲ್ಲ ಹೇಳುವುದು ಒಂದೇ ಮಾತು: "ಅಲ್ಲಿಂದ ತೋಪು ಕಾಣ್ತದೆ."

ಆ ತೋಪು ದಿನ್ನೆಯ ಆಚೆ ತಗ್ಗಿನಲ್ಲಿರುವ ಗಾಫ್ ಮರಗಳ ಗುಂಪು. ಈಗ ಗಡ್ಡ ನರೆತಿರುವವರೆಲ್ಲ ಹುಟ್ಟಿದ್ದು, ಆಡಿದ್ದು, ಮದುವೆಯಾದದ್ದು ಆ ಮರಗಳ ಕೆಳಗೇ. ಆಮೇಲೆ ಸರಕಾರ ಮರಳಿನ ಅಂಚಿನಲ್ಲಿ ನಲ್ಲಿ, ಕರೆಂಟು, ಶಾಲೆಯಿರುವ ಮನೆಗಳನ್ನು ಕಟ್ಟಿಕೊಟ್ಟಿತು. ಎಲ್ಲರೂ ಖುಷಿಯಿಂದಲೇ ಬಂದರು. ಬಂದವರು ಬೆನ್ನು ತಿರುಗಿಸಿದ್ದೇ ತಡ, ಮರಳು ತಗ್ಗಿನ ಎರಡೂ ಬಾಯಿಗಳನ್ನು ಮುಚ್ಚಿಬಿಟ್ಟಿತು. ಉಳಿದದ್ದು ಅಜ್ಜಿಯ ನೆತ್ತಿಯ ದಾರಿಯೊಂದೇ.

ಖಲ್ಫಾನ್ ಆ ದಾರಿಯಲ್ಲಿ ಅರ್ಧದವರೆಗೆ ಹೋಗುತ್ತಿದ್ದ. ಅಲ್ಲಿ ಅವನ ಹಳೆಯ ಪಿಕಪ್ಪು ಒಮ್ಮೆ ಕೆಮ್ಮಿ, ಮರಳಿನಲ್ಲಿ ಹೊಟ್ಟೆಯೂರಿ ಕುಳಿತುಬಿಡುತ್ತಿತ್ತು. ಕೂಡಲೇ ಅವನ ಹೆಂಡತಿಯ ತಮ್ಮ ಮುಹನ್ನಾ ಮೇಲಿನಿಂದ ಜರ್ರನೆ ಇಳಿದು ಬಂದು, ಹಗ್ಗ ಕಟ್ಟಿ ಕೆಳಗೆಳೆಯುತ್ತಿದ್ದ. ಇದು ಎಷ್ಟು ಕಾಲದಿಂದ ನಡೆದಿತ್ತೆಂದರೆ, ನಡುದಿನ್ನೆಯಲ್ಲಿ ಪಿಕಪ್ಪಿನ ಅಚ್ಚು ಬಿದ್ದು ಅದರೊಳಗೆ ಹಲ್ಲಿಗಳು ಸಂಸಾರ ಹೂಡಿದ್ದವು.

"ಭಾವಾ, ಹಗ್ಗಾನ ಇಲ್ಲೇ ಬಿಟ್ಟು ಹೋಗ್ತೀನಿ. ಬರೋ ಶುಕ್ರವಾರ ಹೇಗೂ ಬೇಕಲ್ಲ!" ಎಂದು ಮುಹನ್ನಾ ಊರೆಲ್ಲ ಕೇಳುವಂತೆ ಕೂಗುತ್ತಿದ್ದ.

"ನಡ್ಕೊಂಡೇ ಹತ್ತಬಾರದೇನೋ ಖಲ್ಫಾನ್?" ಎಂದು ಪಕ್ಕದ ಮನೆಯ ಹುಮೈದ್ ಒಮ್ಮೆ ಕೇಳಿದ್ದುಂಟು. ಕೇಳಬಾರದ ಮಾತು. ಮನೆ ಮುಂದೆ ಗಾಡಿಯಿದ್ದೂ ನಡೆದು ಹೋಗುವವನನ್ನು ಕಂಡರೆ ಬಿದಿಯಾದವರು 'ಪಾಪ, ಏನು ಕಷ್ಟವೋ' ಎಂದು ಪೆಟ್ರೋಲಿಗೆ ಚಂದಾ ಎತ್ತಿಬಿಡುತ್ತಾರೆ. ಅಲ್ಲದೆ ಖಲ್ಫಾನನ ಹೆಂಡತಿ ಗಾಯಾ ಎಂಬವಳ ಮಂಡಿಗಳು ಅವಳನ್ನು ಅಂಗಳ ದಾಟಿಸುವುದಕ್ಕೇ ಹಿಂದೆಮುಂದೆ ನೋಡುತ್ತಿದ್ದವು. ಅವಳ ಮಂಡಿಗೂ ಈ ದಿನ್ನೆಗೂ ಏನು ಸಂಬಂಧವೆಂದು ಖಲ್ಫಾನ್ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಸಂಜೆಯ ಕಾಫಿಗೆ ಅವಳು ಚಾಪೆ ಹಾಸುವುದು ಮಾತ್ರ ಮನೆಯ ಹಿಂದೆ, ಗಾಳಿ ಹೊಡೆಯುವ ಕಡೆ, ದಿನ್ನೆಗೆ ಮುಖಮಾಡಿ.

"ಇಲ್ಲಿ ಕಾಫಿಗೆ ಮರಳು ಬೀಳ್ತದಲ್ಲೇ," ಎಂದು ಖಲ್ಫಾನ್ ಹೇಳುತ್ತಿದ್ದ.

"ಬೀಳಲಿ," ಎನ್ನುತ್ತಿದ್ದಳು. ಮೂಗು, ಕೆನ್ನೆ ಮುಚ್ಚುವ ಮುಖಪಟದ ಮೇಲಿನಿಂದ ಕಣ್ಣೆರಡೇ ಕಾಣುತ್ತಿದ್ದವು. ಆ ಕಣ್ಣುಗಳು ದಿನ್ನೆಯನ್ನು ನೋಡುತ್ತಿರಲಿಲ್ಲ; ದಿನ್ನೆ ಅಡ್ಡ ಬಂದಿದೆ ಎಂಬಂತೆ ನೋಡುತ್ತಿದ್ದವು.

ಹೀಗಿರಲಾಗಿ ಒಂದು ಶುಕ್ರವಾರ, ಹಗ್ಗದ ತುದಿಯಲ್ಲಿ ಜೋತಾಡುತ್ತ ಕೆಳಗಿಳಿದು ಬಂದ ಖಲ್ಫಾನ್ ಎಲ್ಲರೆದುರು ಘೋಷಿಸಿಬಿಟ್ಟ: "ಎಂಜಿನ್ನೇ ಬದಲಾಯಿಸ್ತೀನಿ! ಆರು ಸಿಲಿಂಡರಿಂದು! ಮನೇಲೇ, ನನ್ನ ಕೈಯಾರೆ!"

ಊರು ಎರಡು ಹೆಜ್ಜೆ ಹಿಂದೆ ಸರಿಯಿತು. ಯಾಕೆಂದರೆ ಶಾಲೆಯ ಉಗ್ರಾಣ ನೋಡಿಕೊಳ್ಳುವ ಖಲ್ಫಾನ್ ಅಲ್ಲಿಯವರೆಗೆ ಬಿಚ್ಚಿ ಜೋಡಿಸಿದ ಅತಿ ದೊಡ್ಡ ಯಂತ್ರ ಗಾಯಾಳ ಹೊಲಿಗೆ ಮೆಷಿನ್ನು. ಅದು ಆಮೇಲೆ ಹಿಂದಕ್ಕೆ ಮಾತ್ರ ಹೊಲಿಯುತ್ತಿತ್ತು.

ಎಂಜಿನ್ ಶಾರ್ಜಾದ ಗುಜರಿಯಿಂದ ಲಾರಿಯಲ್ಲಿ ಬಂತು, ಒಂಟೆಯ ಕಂಬಳಿ ಹೊದ್ದು. ಅದನ್ನು ಖಲ್ಫಾನ್ ಸರಪಳಿ ರಾಟೆಗೆ ಬಿಗಿದು ಗೇಟಿನ ಕಮಾನಿಗೆ ನೇತುಹಾಕಿದ. ಕಮಾನು ಗೋಳಾಡಿತು. ಅಷ್ಟು ತೂಕದ ಎಂಜಿನ್ನು ಭೂಮಿಯ ಈ ಮಗ್ಗುಲಿಗೆ ಬಂದದ್ದರಿಂದ ಆ ವಾರ ಸಮುದ್ರದ ನೀರು ಸೂರ್ ಎಂಬ ಬಂದರಿನ ಕಡೆಗೆ ನಾಲ್ಕು ಬೆರಳು ಜರುಗಿತ್ತೆಂದು ಮೀನುಗಾರರು ಹೇಳುತ್ತಾರೆ.

ಬಿದಿಯಾದಲ್ಲಿ ಒಂದು ಪದ್ಧತಿಯಿದೆ. ಯಾರು ಯಾರ ಮನೆಗೆ ಹೋದರೂ ಮೊದಲು ಸುದ್ದಿ ಕೇಳಬೇಕು. ಮನೆಯವನು ಏನೂ ಇಲ್ಲ ಎನ್ನಬೇಕು. ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಏನೂ ಸುದ್ದಿಯಿಲ್ಲ ಎಂದು, ಖರ್ಜೂರ ಕಾಫಿ ಕೊಟ್ಟು, ಆಮೇಲೆ ಬಕೆಟ್ ಕೇಳುವುದೇ ಮರ್ಯಾದೆ. ಹುಮೈದ್ ಬಂದು ತೂಗಾಡುತ್ತಿದ್ದ ಎಂಜಿನ್ನಿನ ಅಡಿಯಲ್ಲಿ ತಲೆ ತಗ್ಗಿಸಿ ನಿಂತ.

"ಏನಪ್ಪಾ ಸುದ್ದಿ?"

"ಏನೂ ಇಲ್ಲ."

"ವಿಶೇಷ?"

"ಎಂಥದ್ದೂ ಇಲ್ಲ. ಎಲ್ಲಾ ಸೌಖ್ಯ. ನಿಂದೇನು?"

"ನಂದೂ ಏನಿಲ್ಲ." ಎಂಜಿನ್ನಿನಿಂದ ಎಣ್ಣೆಯ ತೊಟ್ಟೊಂದು ಹುಮೈದನ ಟೋಪಿಯ ಮೇಲೆ ಬಿತ್ತು. ಮರ್ಯಾದಸ್ಥ ಮನುಷ್ಯ, ಒರೆಸಿಕೊಳ್ಳಲಿಲ್ಲ. ಮೂರು ಬಟ್ಟಲು ಕಾಫಿಯಾದ ಮೇಲೆ ಅವನ ಸುದ್ದಿ ಹೊರಬಂತು. "ಸಮ್ಹಾಳ ಕರು ಸತ್ತೋಯ್ತು ಕಣೋ."

ಸಮ್ಹಾ ಅವನ ಹೆಣ್ಣೊಂಟೆ. ಊರಿನ ಅರ್ಧದಷ್ಟು ಮುದುಕರ ಎಲುಬು ನಿಂತಿದ್ದು ಅವಳ ಹಾಲಿನಿಂದ. ಕರು ಹೋದಂದಿನಿಂದ ಅವಳು ಕೆಚ್ಚಲು ಬಿಗಿಹಿಡಿದುಬಿಟ್ಟಿದ್ದಳು. ಹಿರಿಯರ ಕ್ರಮದಂತೆ ಹುಮೈದ್ ಸತ್ತ ಕರುವಿನ ಚರ್ಮಕ್ಕೆ ಒಣಹುಲ್ಲು ತುಂಬಿ ಮುಂದೆ ನಿಲ್ಲಿಸಿದ. ಸಮ್ಹಾ ಅದನ್ನು ಒಮ್ಮೆ ಮೂಸಿ, ಹುಮೈದನನ್ನು ಒಮ್ಮೆ ನೋಡಿ, ಹೊಟ್ಟೆ ಸೀಳಿ ಹುಲ್ಲನ್ನೆಲ್ಲ ತಿಂದುಬಿಟ್ಟಳು.

"ಹಗಲೆಲ್ಲ ನರಳ್ತಾಳೆ. ಕೇಳೋಕಾಗಲ್ಲ," ಎಂದು ಹುಮೈದ್ ಕಣ್ಣೊರೆಸಿಕೊಂಡ. ಟೋಪಿಯ ಎಣ್ಣೆ ಕೈಗೆ ತಾಗಿ ಮುಖವೆಲ್ಲ ಕಪ್ಪಾಯಿತು.

ಖಲ್ಫಾನನ ಕೆಲಸ ಮುಂದುವರಿಯಿತು. ಹೊಸ ಎಂಜಿನ್ ಉದ್ದ, ಹಳೆಯ ಗೂಡು ಗಿಡ್ಡ. ಆದ್ದರಿಂದ ಅವನು ಪಿಕಪ್ಪಿನ ಮೂತಿಯನ್ನೇ ಕತ್ತರಿಸಿ ಮುಂದಕ್ಕೆ ಬೆಸುಗೆ ಹಾಕಿದ. ರೇಡಿಯೇಟರ್ ಮುಂಚಾಚಿ ಗಾಡಿಗೊಂದು ಕತ್ತು ಬಂತು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ಕೂಡಿಬರಲಿಲ್ಲ; ನಡುವೆ ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಕೂರಿಸಿ ಸಂಧಾನ ಮಾಡಿಸಿದ. ಬಾನೆಟ್ಟು ಮುಚ್ಚಲಿಲ್ಲ, ಹಗ್ಗದಿಂದ ಕಟ್ಟಿದ. ಸೈಲೆನ್ಸರಿಗೆ ಬಾವಿಯ ಹಳೆ ಪೈಪು. ಕೊನೆಗೆ ಒಂದು ಬೋಗುಣಿ ತುಂಬ ಬೋಲ್ಟು ಮಿಕ್ಕವು. ಎಂಜಿನ್ ಮಾಡಿದವರು ಧಾರಾಳಿಗಳು, ಜಾಸ್ತಿ ಹಾಕಿ ಕಳಿಸಿದ್ದಾರೆ ಎಂದುಕೊಂಡ.

"ಇದೇನು ಗಾಡಿಯೋ ಪ್ರಾಣಿಯೋ?" ಎಂದು ಮುಹನ್ನಾ ಸುತ್ತು ಬಂದು ನಕ್ಕ. "ಭಾವಾ, ಇದಕ್ಕೆ ಪೆಟ್ರೋಲ್ ಹಾಕ್ತೀಯೋ ಮೇವು ಹಾಕ್ತೀಯೋ?"

"ನಗು, ನಗು. ಅಜ್ಜಿ ನೆತ್ತಿ ಮೇಲೆ ನಿಂತು ನಿನಗೆ ಕೈ ಬೀಸ್ತೀನಿ ನೋಡು," ಎಂದು ಖಲ್ಫಾನ್ ಒಳಗೆ ಹತ್ತಿ ಕೀಲಿ ತಿರುಗಿಸಿದ.

ಎಂಜಿನ್ ಮೊದಲು ಸೀನಿತು. ಆಮೇಲೆ ಬಾವಿಪೈಪಿನಿಂದ ಒಂದು ಸ್ವರ ಹೊರಟಿತು. ಗುಡುಗುವ ಆರು ಸಿಲಿಂಡರಿನ ಗರ್ಜನೆಯನ್ನು ನಿರೀಕ್ಷಿಸಿ ಕಿವಿ ಮುಚ್ಚಿಕೊಂಡಿದ್ದವರು ಕೈ ತೆಗೆದರು. ಅದು ಉದ್ದವಾದ, ತೇವವಾದ, ಎದೆಯ ತಳದಿಂದ ಬರುವ ನರಳಿಕೆ. ಮರಳುನಾಡಿನಲ್ಲಿ ಹುಟ್ಟಿದ ಪ್ರತಿಯೊಬ್ಬನಿಗೂ ಆ ಸ್ವರ ಗೊತ್ತು: ಒಂಟೆ ತನ್ನದು ಎಂಬ ಯಾವುದಕ್ಕೋ ಹಂಬಲಿಸಿ ಕರೆಯುವಾಗ ಹೀಗೆ ಕೂಗುತ್ತದೆ.

ಮುಹನ್ನಾ ನಗುವುದಕ್ಕೆ ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು. ಯಾಕೆಂದರೆ ಪಕ್ಕದ ಮನೆಗೂ ಈ ಅಂಗಳಕ್ಕೂ ನಡುವಿನ ಬೇಲಿ ಮುರಿದ ಸದ್ದಾಯಿತು. ಬೇಲಿಯ ಒಂದು ಭಾಗವನ್ನು ಕೊರಳಲ್ಲಿ ಮಾಲೆಯಂತೆ ಧರಿಸಿ ಸಮ್ಹಾ ಅಂಗಳದೊಳಗೆ ನುಗ್ಗಿದಳು. ನೇರ ಪಿಕಪ್ಪಿನ ಬಳಿ ಹೋದಳು. ರೇಡಿಯೇಟರನ್ನು ಮೂಸಿದಳು. ಹಗ್ಗ ಕಟ್ಟಿದ ಬಾನೆಟ್ಟನ್ನು ಆ ತುದಿಯಿಂದ ಈ ತುದಿಗೆ ನೆಕ್ಕಿದಳು. ಆಮೇಲೆ ಕತ್ತನ್ನು ಚಾವಣಿಯ ಮೇಲೆ ಚಾಚಿ, ಕಣ್ಣು ಮುಚ್ಚಿ ನಿಂತಳು. ಕೆಚ್ಚಲಿನಿಂದ ಹಾಲು ತೊಟ್ಟಿಕ್ಕತೊಡಗಿತು.

"ಲೋ ಖಲ್ಫಾನ್! ನನ್ನ ಒಂಟೆಗೇನೋ ಮಾಟ ಮಾಡಿದೆ?" ಎಂದು ಕಿರಿಚುತ್ತ ಹುಮೈದ್ ಓಡಿಬಂದವನು ಹಾಲು ಕಂಡು ಕಲ್ಲಾದ. ಮರುಗಳಿಗೆ ಗಾಯಾಳ ಕೈಯ ಬೋಗುಣಿ ಕಸಿದು, ಬೋಲ್ಟುಗಳನ್ನು ಸುರಿದು, ಒಂಟಿಕಾಲಲ್ಲಿ ನಿಂತು ಇನ್ನೊಂದರ ಮಂಡಿಯ ಮೇಲೆ ಬೋಗುಣಿಯಿಟ್ಟು ಹಾಲು ಕರೆಯಲು ಶುರುಮಾಡಿದ.

"ಸಾಕೇನೋ? ಆರಿಸ್ಲಾ?" ಎಂದು ಖಲ್ಫಾನ್ ಕೇಳಿದ.

"ಆರಿಸಿದರೆ ನಿನ್ನ ಕೈ ಮುರೀತೀನಿ! ಇನ್ನೊಂದು ಚೂರು ಆಕ್ಸಿಲೇಟರ್ ಕೊಡು. ಮೆಲ್ಲಗೆ, ಮೆಲ್ಲಗೆ. ಮಗು ಥರ!"

ಅಂದಿನಿಂದ ಮುಂಜಾವಿಗೊಮ್ಮೆ, ಸಂಜೆಗೊಮ್ಮೆ ಖಲ್ಫಾನ್ ಎಂಜಿನ್ ನರಳಿಸಬೇಕಾಯಿತು. ಊರಿನವರು ಬೋಗುಣಿ ಹಿಡಿದು ಸಾಲುಗಟ್ಟಿದರು. ಹಾಲು ಎಷ್ಟು ಹರಿಯಿತೆಂದರೆ ಬೆಕ್ಕುಗಳು ಬಿದಿಯಾ ಬಿಟ್ಟು ಹೋಗುವುದಿಲ್ಲವೆಂದು ಶಪಥ ಮಾಡಿದವು. ಹುಮೈದ್ ಪಿಕಪ್ಪಿಗೆ ದೃಷ್ಟಿ ತಾಗದಿರಲಿ ಎಂದು ಕನ್ನಡಿಗೆ ತಾಯಿತ ಕಟ್ಟಿದ. ಬಿಸಿಲಿಗೆ ಕಂಬಳಿ ಹೊದಿಸಿದ. ಖಲ್ಫಾನ್ ಸ್ಪ್ಯಾನರ್ ಹಿಡಿದು ಬಾನೆಟ್ಟಿನೊಳಗೆ ಕೈ ಹಾಕಿದರೆ ಸಮ್ಹಾ ಅವನ ಕಾಲರ್ ಹಿಡಿದು ಎತ್ತಿ ಪಕ್ಕಕ್ಕಿಡುತ್ತಿದ್ದಳು.

"ಒಂದು ಶುಕ್ರವಾರ ಬಿಡಪ್ಪಾ. ದಿನ್ನೆ ಹತ್ತಿ ಬಂದುಬಿಡ್ತೀನಿ," ಎಂದು ಅವನು ಅಂಗಲಾಚಿದ.

"ಎಳೆಗರುವನ್ನು ದಿನ್ನೆ ಹತ್ತಿಸ್ತಾರೇನೋ ಪಾಪಿ!" ಎಂದ ಹುಮೈದ್.

ಇಷ್ಟರಲ್ಲಿ ಚಹಾದಂಗಡಿಯಲ್ಲಿ ಮುಹನ್ನಾ, "ಅದೆಲ್ಲ ಸರಿ, ಎಂಜಿನ್ ಬದಲಾಯಿಸಿದ್ದಕ್ಕೆ ಭಾವನ ಹತ್ರ ಅನುಮತಿ ಎಲ್ಲಿದೆ?" ಎಂದು ಜೋರಾಗಿ ತಮಾಷೆ ಮಾಡಿದ. ಪಕ್ಕದ ಬೆಂಚಿನಲ್ಲಿ ಹೊಸದಾಗಿ ವರ್ಗವಾಗಿ ಬಂದಿದ್ದ ಪೊಲೀಸ್ ಯಾಕೂಬ್ ಚಹಾ ಕುಡಿಯುತ್ತಿದ್ದ. ಬಂದರು ಊರಿನವನು, ಮೀನಿನ ಭಾಷೆ ಬಲ್ಲ, ಒಂಟೆಯ ಭಾಷೆ ಅರಿಯ. ಚಹಾ ಮುಗಿಸಿ ನೇರ ಖಲ್ಫಾನನ ಮನೆಗೆ ಬಂದ. ಎಂಜಿನ್ ನಂಬರ್ ನೋಡಲೆಂದು ಬಾನೆಟ್ಟಿಗೆ ಬಾಗಿದ. ಸಮ್ಹಾ ಬಾಯಲ್ಲಿದ್ದ ಮೇವನ್ನೆಲ್ಲ, ನಿನ್ನೆಯದೂ ಸೇರಿಸಿ, ಅವನ ಮುಖಕ್ಕೆ ಉಗಿದಳು.

ಯಾಕೂಬ್ ಗೇಟಿನಾಚೆ ನಿಂತು ಫೋನ್ ಮಾಡಿದ. "ಸಾರ್, ಗಾಡಿ ಹತ್ತಿರ ಹೋಗೋಕಾಗ್ತಿಲ್ಲ... ಇಲ್ಲ ಸಾರ್, ಮಾಲೀಕ ತಡೆದಿಲ್ಲ. ಗಾಡಿಯ ತಾಯಿ ತಡೀತಿದ್ದಾಳೆ... ತಾಯಿ ಸಾರ್, ಒಂಟೆ... ಇಲ್ಲ ಸಾರ್, ನಾನು ಚಹಾ ಬಿಟ್ಟು ಬೇರೇನೂ ಕುಡಿದಿಲ್ಲ... ಅದರ ಹಾಲೂ ಅವಳದ್ದೇ ಸಾರ್."

ಆ ಕಡೆಯಿಂದ ಅಪ್ಪಣೆಯಾಯಿತು: ಎಂಜಿನ್ನಿನ ಕಾಗದ ಪತ್ರ ಸರಿಯಾಗುವವರೆಗೆ ಗಾಡಿ ಆ ಕಾಂಪೌಂಡಿನಿಂದ ಹೊರಬೀಳಕೂಡದು.

ಖಲ್ಫಾನ್ ದೂರು ಹೊತ್ತು ಪಂಗಡದ ಶೇಖ್ ಮತರ್ ಬಳಿಗೆ ಓಡಿದ. ಶೇಖರು ಊರಿನ ಹಿರಿಯರು. ಕೋಲನ್ನು ನೆಲಕ್ಕೂರಿ ಎರಡು ಕಡೆಯ ವಾದವನ್ನೂ ಕೇಳಿದರು.

"ಶೇಖರೇ, ಅದು ಗಾಡಿ!" ಎಂದ ಖಲ್ಫಾನ್.

"ಶೇಖರೇ, ಗಾಡಿ ಅನ್ನೋದು ಇವನ ಅಭಿಪ್ರಾಯ. ಸಮ್ಹಾಳ ಅಭಿಪ್ರಾಯ ಬೇರೆ ಇದೆ," ಎಂದ ಹುಮೈದ್.

ಶೇಖರು ಕೋಲಿನಿಂದ ನೆಲವನ್ನೊಮ್ಮೆ ಕುಟ್ಟಿದರು. "ನಮ್ಮ ಮುತ್ತಜ್ಜಂದಿರ ಕಾಲದಿಂದ ಒಂದು ಮಾತಿದೆ. ತಾಯಿ ಯಾವುದನ್ನು ಕರು ಅಂತ ಒಪ್ಪಿಕೊಂಡಳೋ ಅದೇ ಕರು. ಹಾಲು ಬಿಡಿಸೋ ತನಕ ಅದನ್ನ ತಾಯಿಯಿಂದ ಅಗಲಿಸೋ ಹಾಗಿಲ್ಲ. ಖಲ್ಫಾನ್, ನಿನ್ನ ಪಿಕಪ್ಪು ಹುಲ್ಲು ತಿನ್ನೋಕೆ ಶುರುಮಾಡಿದ ದಿನ ಬಂದು ಹೇಳು."

ಹೀಗೆ ಪಿಕಪ್ಪನ್ನು ಸರಕಾರ ಒಂದು ಕಡೆಯಿಂದ, ಸಂಪ್ರದಾಯ ಇನ್ನೊಂದು ಕಡೆಯಿಂದ ಕಟ್ಟಿಹಾಕಿದವು. ಇತಿಹಾಸದಲ್ಲಿ ಇವೆರಡೂ ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು.

ಆಮೇಲಿನ ಶುಕ್ರವಾರಗಳಲ್ಲಿ ಖಲ್ಫಾನ್ ಅಂಗಳದಲ್ಲೇ ಪಿಕಪ್ಪಿನೊಳಗೆ ಕುಳಿತಿರುತ್ತಿದ್ದ. ದೂರದಿಂದ ದಿನ್ನೆ ಹತ್ತುವ ಗಾಡಿಗಳ ಸದ್ದು ಬರುತ್ತಿತ್ತು. ಯಾವ ಸದ್ದು ಎಲ್ಲಿ ಏರಿತು, ಎಲ್ಲಿ ಗೇರು ಬಿತ್ತು, ಎಲ್ಲಿ ನೆತ್ತಿ ಮುಟ್ಟಿ ಹಗುರಾಯಿತು ಎಂಬುದು ಅವನಿಗೆ ಬಾಯಿಪಾಠ. ಕುಳಿತಲ್ಲೇ ಸ್ಟಿಯರಿಂಗ್ ತಿರುಗಿಸುತ್ತಿದ್ದ. ಕಿಟಕಿಯಿಂದ ಸಮ್ಹಾ ಕತ್ತು ತೂರಿಸಿ ಅವನ ತೊಡೆಯ ಮೇಲೆ ಗದ್ದ ಊರಿರುತ್ತಿದ್ದಳು. ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿದ್ದರು. ಮನೆಯ ಹಿಂದಿನ ಚಾಪೆಯಿಂದ ಗಾಯಾ ಮೂಲೆಯಾಚೆಗೆ ಕತ್ತು ಚಾಚಿ ಇದನ್ನೆಲ್ಲ ನೋಡುತ್ತಿದ್ದಳು.

ಒಂದು ಶುಕ್ರವಾರ ಗಾಯಾ ಚಾಪೆ ಹಾಸಲಿಲ್ಲ. ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟು, ಇನ್ನೊಂದು ಕೈಯಲ್ಲಿ ಕಾಫಿ ಹೂಜಿ ಹಿಡಿದು, ಕುಂಟುತ್ತ ಬಂದು ಪಿಕಪ್ಪಿನ ಬಾಗಿಲು ತೆಗೆದಳು. ಹತ್ತುವಾಗ ಎರಡು ಮಂಡಿಗಳೂ ಗೇಟಿನ ಕಮಾನಿನಂತೆ ಗೋಳಾಡಿದವು. ಕುಳಿತು ಬಾಗಿಲು ಹಾಕಿಕೊಂಡಳು.

"ಶಮ್ಸಾಳ ಅಪ್ಪಾ, ಹೊರಡು."

ಶಮ್ಸಾ ಸೂರ್ ಬಂದರಿಗೆ ಮದುವೆಯಾಗಿ ಹೋಗಿರುವ ಅವರ ಮಗಳು. ಹೆಂಡತಿ ಹಾಗೆ ಕರೆದರೆ ಎದುರಾಡುವುದಕ್ಕಿಲ್ಲ ಎಂದು ಖಲ್ಫಾನನಿಗೆ ಗೊತ್ತು. ಆದರೂ ತೊದಲಿದ: "ಅಲ್ಲವೇ, ಪೊಲೀಸ್‌ನವರು..."

"ಕಾಂಪೌಂಡಿಂದ ಹೊರಗೆ ಹೋಗಬಾರದು ಅಂದ್ರು. ಕಾಂಪೌಂಡಿಗೆ ಬೇಲಿ ಎಲ್ಲಿದೆ? ಸಮ್ಹಾ ಮುರಿದಾಗಿದೆ."

"ಶೇಖರು..."

"ಕರುವನ್ನ ತಾಯಿಂದ ಅಗಲಿಸಬೇಡ ಅಂದ್ರು ತಾನೇ? ತಾಯಿಗೆ ಕಾಲಿಲ್ವಾ? ಬರ್ತಾಳೆ ಬಿಡು."

ಕಾನೂನು ಇಷ್ಟು ಸುಲಭವೆಂದು ಖಲ್ಫಾನನಿಗೆ ಯಾರೂ ಹೇಳಿರಲಿಲ್ಲ. ಕೀಲಿ ತಿರುಗಿಸಿದ.

ಬಿದಿಯಾದಲ್ಲಿ ಅಂಥ ಮೆರವಣಿಗೆ ಹಿಂದೆ ನಡೆದಿಲ್ಲ, ಮುಂದೆ ನಡೆಯುವುದಿಲ್ಲ. ಮುಂದೆ ನರಳುವ ಪಿಕಪ್ಪು. ಅದರ ಹಿಂದೆ ನರಳುವ ಸಮ್ಹಾ. ಅವಳ ಹಿಂದೆ ಬೋಗುಣಿ ಹಿಡಿದು, "ನಿಲ್ಸೋ! ಕೆಚ್ಚಲು ತುಂಬಿದೆ!" ಎಂದು ಓಡುವ ಹುಮೈದ್. ಅವನ ಹಿಂದೆ ಮುಹನ್ನಾನ ಗಾಡಿಯಲ್ಲಿ ಮುಂದೆ ಶೇಖರು, ಹಿಂದೆ ಯಾಕೂಬ್. ಅವನು ಕಿಟಕಿಯಿಂದ ಸೀಟಿ ಊದುತ್ತಿದ್ದ. ಅಷ್ಟು ವೇಗದಲ್ಲಿ ಸೀಟಿಯ ಸದ್ದು ಅವನಿಗೇ ಮರುದಿನ ಕೇಳಿಸಿತಂತೆ.

ದಿನ್ನೆಯ ಬುಡದಲ್ಲಿ ಟೈರಿನ ಗಾಳಿ ಇಳಿಸುವ ವ್ಯವಧಾನವಿರಲಿಲ್ಲ. ಕಾಂಪೌಂಡಿನಲ್ಲಿ ನಿಂತು ನಿಂತು ಅದು ತಾನೇ ಇಳಿದಿತ್ತು. ಖಲ್ಫಾನ್ ಬಿಸ್ಮಿಲ್ಲಾ ಎಂದು ಏರಿದ. ಆರೂ ಸಿಲಿಂಡರುಗಳು ತಮ್ಮ ತಮ್ಮ ದೇವರನ್ನು ನೆನೆದವು. ನಡುದಿನ್ನೆ ಬಂತು. ಇಷ್ಟು ವರ್ಷದ ಅಭ್ಯಾಸ; ಆ ಜಾಗ ಬರುತ್ತಲೇ ಅವನ ಕಾಲು ತನ್ನಿಂದ ತಾನೇ ಸಡಿಲಾಯಿತು, ಕೈ ಹಗ್ಗವನ್ನು ತಡಕಿತು. ಪಿಕಪ್ಪು ಕೆಮ್ಮಿತು.

ಗಾಯಾ ಕಾಫಿ ಹೂಜಿಯನ್ನು ಕಾಲ ಸಂದಿಯಲ್ಲಿಟ್ಟು, ಎರಡೂ ಕೈಗಳನ್ನು ಗಂಡನ ಮಂಡಿಯ ಮೇಲಿಟ್ಟು, ಹಿಟ್ಟು ನಾದುವವಳಂತೆ ತನ್ನ ಇಡೀ ಭಾರ ಬಿಟ್ಟು ಒತ್ತಿದಳು.

"ಅಯ್ಯೋ, ಕಾಲು!"

"ನಿಂಗೆ ಇನ್ನೊಂದಿದೆ."

ಆಕ್ಸಿಲೇಟರು ನೆಲಕ್ಕಂಟಿತು. ಪಿಕಪ್ಪು ಹಲ್ಲಿಗಳ ಸಂಸಾರವನ್ನು ದಾಟಿ, ಖಲ್ಫಾನ್ ಎಂದೂ ನೋಡದ ಮರಳನ್ನು ದಾಟಿ, ಚಂದ್ರ ಸಿಕ್ಕಿಕೊಂಡಿದ್ದ ಜಾಗದಲ್ಲಿ ಬಂದು ನಿಂತಿತು.

ಕೆಳಗೆ ತೋಪು ಕಂಡಿತು.

ಕೈ ಬೀಸುವುದು ಖಲ್ಫಾನನಿಗೆ ಮರೆತುಹೋಯಿತು. ಮುಹನ್ನಾನ ಗಾಡಿ ಬಂದು ಪಕ್ಕದಲ್ಲಿ ನಿಂತಿತು. ಶೇಖರು ಕೋಲೂರಿ ಇಳಿದರು. ಹುಮೈದ್ ತೆವಳುತ್ತ ಬಂದು ಮುಟ್ಟಿದ. ಸಮ್ಹಾ ಬಂದವಳು ಪಿಕಪ್ಪಿನ ಪಕ್ಕದಲ್ಲಿ ನಿಲ್ಲಲಿಲ್ಲ. ಮೂಗನ್ನೆತ್ತಿ ತಗ್ಗಿನ ಗಾಳಿಯನ್ನು ಒಮ್ಮೆ ಎಳೆದುಕೊಂಡಳು. ಆಮೇಲೆ ಕಡಿದಾದ ಆಚೆ ಮಗ್ಗುಲಿಗೆ, ಯಾರಪ್ಪಣೆಗೂ ಕಾಯದೆ, ಇಳಿದುಹೋದಳು.

ಹುಮೈದ್ ಗಾಬರಿಯಾದ. "ಕೂಗಿಸೋ! ಎಂಜಿನ್ ಕೂಗಿಸೋ!"

ಖಲ್ಫಾನ್ ಕೂಗಿಸಿದ. ಎಂಜಿನ್ ಹಿಂದೆಂದೂ ನರಳದಷ್ಟು ನರಳಿತು. ಸಮ್ಹಾಳ ಕಿವಿ ಕೂಡ ಅಲುಗಲಿಲ್ಲ. ಅವಳು ಬಗ್ಗಿದ ಒಂದು ಗಾಫ್ ಮರದ ಕೆಳಗೆ ಹೋಗಿ, ಮೊಣಕಾಲೂರಿ, ಮರಳಿನಲ್ಲಿ ಉರುಳಾಡಿದಳು.

"ಆ ಮರದ ಕೆಳಗೇ ಅವಳಮ್ಮ ಇವಳನ್ನ ಹೆತ್ತಿದ್ದು," ಎಂದರು ಶೇಖರು. "ನಾನೇ ಮೈ ಒರೆಸಿದ್ದೆ."

"ಹಾಗಾದ್ರೆ ಇಷ್ಟು ದಿನ ಅತ್ತಿದ್ದು ಕರುವಿಗಲ್ವಾ?" ಎಂದ ಹುಮೈದ್.

"ಕರುವಿಗೂ ಅತ್ತಿರ್ತಾಳೆ," ಎಂದಳು ಗಾಯಾ ಕಿಟಕಿಯಿಂದ. "ಅಳೋಕೆ ಕೂತವಳು ಒಂದಕ್ಕೇ ಅಂತ ಅಳ್ತಾಳೇನು?"

ಖಲ್ಫಾನ್ ಗೇರು ಹಾಕಿದ. ಮುಹನ್ನಾ ಮುಂದೆ ಬಂದು ಬಾನೆಟ್ಟು ಹಿಡಿದುಕೊಂಡ. ಅವನ ದನಿಯಲ್ಲಿ ತಮಾಷೆಯಿರಲಿಲ್ಲ. "ಭಾವಾ, ಬೇಡ. ನಾವ್ಯಾರೂ ಆ ಕಡೆ ಇಳಿಯೋಲ್ಲ, ಯಾಕೆ ಗೊತ್ತಾ? ಆ ಮಗ್ಗುಲು ಗೋಡೆ. ಇಳಿದ ಗಾಡಿ ವಾಪಸ್ ಹತ್ತಲ್ಲ. ನೋಡಿದ್ಯಲ್ಲ, ಸಾಕು. ಅಕ್ಕಾ, ನೀನಾದ್ರೂ ಹೇಳೇ."

ಗಾಯಾ ಚಾಪೆಯನ್ನು ಮಡಿಲಲ್ಲಿ ಸರಿಮಾಡಿಕೊಂಡಳು. ಯಾಕೂಬ್ ಮೇಲಧಿಕಾರಿಗೆ ಫೋನ್ ಹಚ್ಚಲು ನೋಡಿದ. ದಿನ್ನೆಯ ಮೇಲೆ ಸಿಗ್ನಲ್ ಇರಲಿಲ್ಲ. ಶೇಖರು ತಮ್ಮ ಕೋಲಿನಿಂದ ಮುಹನ್ನಾನ ಕೈಯನ್ನು ಬಾನೆಟ್ಟಿನಿಂದ ಮೆಲ್ಲಗೆ ಸರಿಸಿದರು. ಸರಿಸಿ, ಪಿಕಪ್ಪಿನ ಹಿಂಬದಿಗೆ ಹೋಗಿ ಹತ್ತಿ ಕುಳಿತರು.

ಪಿಕಪ್ಪು ನೆತ್ತಿ ದಾಟಿತು. ಅರ್ಧ ಜಾರುತ್ತ, ಅರ್ಧ ತೇಲುತ್ತ ಇಳಿಯಿತು; ಮಿಕ್ಕ ಬೋಲ್ಟುಗಳ ಜಾಗವೆಲ್ಲ ಒಂದೊಂದಾಗಿ ನೆನಪಿಗೆ ಬರುವಂತೆ ಗಡಗಡಿಸಿತು. ತಳ ಮುಟ್ಟಿ, ಕೊನೆಯ ಸಲ ನರಳಿ ನಿಂತಿತು. ಕಬ್ಬಿಣದ ತಟ್ಟೆಯ ಸಂಧಾನ ಅಲ್ಲಿಗೆ ಮುರಿದುಬಿದ್ದಿತ್ತು.

ಗಾಯಾ ತಾನಾಗಿಯೇ ಇಳಿದಳು. ನಡೆದಳು. ಹೊಸ ಮದುವಣಗಿತ್ತಿಯಾಗಿ ತಾನು ಡೇರೆ ಹೂಡಿದ್ದ ಮರ ಯಾವುದೆಂದು ಅವಳು ಯಾರನ್ನೂ ಕೇಳಲಿಲ್ಲ. ಅದರ ನೆರಳಿನಲ್ಲಿ ಚಾಪೆ ಹಾಸಿದಳು. ಖಲ್ಫಾನ್ ಎದುರಿಗೆ ಕುಳಿತ. ಹಳೆಯ ಎಲೆಗಳ ವಾಸನೆ ಬರುತ್ತಿತ್ತು. ಗಾಳಿ ಇತ್ತು, ಆದರೆ ಕಾಫಿಗೆ ಮರಳು ಬೀಳುತ್ತಿರಲಿಲ್ಲ.

"ಭಾವಾ! ವಾಪಸ್ ಹೆಂಗೆ ಬರ್ತೀಯೋ?" ನೆತ್ತಿಯ ಮೇಲಿನಿಂದ ಮುಹನ್ನಾನ ದನಿ ಸಣ್ಣಗೆ ಇಳಿದು ಬಂತು.

ಮರಳುನಾಡಿನ ಕಾಫಿಯ ನಿಯಮ ಒಂದೇ: ಸಾಕು, ಹೊರಡುತ್ತೇನೆ ಎನ್ನುವವನು ಬಟ್ಟಲನ್ನು ಬೆರಳ ನಡುವೆ ಅಲುಗಾಡಿಸಿ ಕೊಡಬೇಕು. ಅಲ್ಲಿಯವರೆಗೆ ಸುರಿಯುವವರು ಸುರಿಯುತ್ತಲೇ ಇರಬೇಕು. ಖಲ್ಫಾನ್ ಕುಡಿದು ಮುಗಿಸಿದ. ಖಾಲಿ ಬಟ್ಟಲನ್ನು ಹೆಂಡತಿಯ ಕಡೆಗೆ ಚಾಚಿದ. ಅವಳು ಅವನ ಕೈಯನ್ನೇ ನೋಡಿದಳು.

ಕೈ ಅಲುಗಲಿಲ್ಲ. ಅವಳು ಸುರಿದಳು.